ಒಟ್ಟಿದವರು ಯಾರು?

ಹೋದ ವರ್ಷ ಸಂಕ್ರಾಂತಿ ಕಳೆದ ವಾರ. ನಮ್ಮ ತಾಲ್ಲೂಕು ವರದಿಗಾರರೊಬ್ಬರು ನಾಲ್ಕು ಸಾಲಿನ ಸುದ್ದಿ ಕಳಿಸಿದ್ದರು. ಬಣವೆಗೆ ಬೆಂಕಿ ಬಿದ್ದ ಸುದ್ದಿ. ಅವರು ಬರೆದ ವಾಕ್ಯ: ‘ರೈತ ನಾಲ್ಕು ಗಾಡಿ ರಾಗಿ ಹುಲ್ಲು ಒಟ್ಟಿದ್ದ ಬಣವೆ ಸುಟ್ಟುಹೋಗಿದೆ.’ ಬೆಳಗ್ಗೆ ಅಚ್ಚಾಗಿ ಬಂದದ್ದು: ‘ಒಟ್ಟು ನಾಲ್ಕು ಗಾಡಿ ರಾಗಿ ಹುಲ್ಲು ಇದ್ದ ಬಣವೆ ಸುಟ್ಟುಹೋಗಿದೆ.’

ಏನು ತಪ್ಪು ಹೇಳಿ ನೋಡೋಣ. ಕಾಗುಣಿತ ಸರಿಯಿದೆ, ವ್ಯಾಕರಣ ಸರಿಯಿದೆ, ಗಾಡಿಗಳ ಲೆಕ್ಕವೂ ಸರಿಯಿದೆ. ಓದುಗರಲ್ಲಿ ಯಾರೂ ಪತ್ರ ಬರೆಯಲಿಲ್ಲ. ವರದಿಗಾರರು ಮಾತ್ರ ಹತ್ತು ಗಂಟೆಗೆ ಫೋನ್ ಮಾಡಿದರು. ‘ಏನ್ ಸಾರ್, ಬಣವೆ ತಾನಾಗೇ ಹುಟ್ಕೊಂಡಂಗೆ ಮಾಡ್ಬಿಟ್ಟಿದೀರಲ್ಲ. ಆ ಯಜಮಾನ ಎರಡು ದಿನ ಮೇಲೆ ನಿಂತು ಒಟ್ಟಿದ್ದ. ಪೇಪರ್ ತೋರಿಸಿದ್ರೆ ನನ್ನ ಮುಖ ನೋಡ್ತಾನೆ.’

ತಿದ್ದಿದ್ದು ಡೆಸ್ಕಿಗೆ ಹೊಸದಾಗಿ ಬಂದ ಹುಡುಗಿ. ಕನ್ನಡ ಎಂ.ಎ., ಚುರುಕು, ಅಲ್ಪಪ್ರಾಣ ಮಹಾಪ್ರಾಣದಲ್ಲಿ ಒಂದು ದಿನ ಎಡವಿದವಳಲ್ಲ. ಕರೆದು ಕೇಳಿದೆ. ‘ಸರ್, ಒಟ್ಟು ಅಂದ್ರೆ ಟೋಟಲ್ ಅಲ್ವಾ? ವಾಕ್ಯದ ಕೊನೇಲಿ ಒಟ್ಟಿದ್ದ ಅಂತ ಇತ್ತು, ಟೈಪಿಂಗ್‌ನಲ್ಲಿ ಹಿಂದುಮುಂದಾಗಿದೆ ಅಂದ್ಕೊಂಡೆ’ ಎಂದಳು. ಬೈಯುವ ಬಾಯಿ ನನಗಿರಲಿಲ್ಲ. ಆ ಪುಟದ ಕರಡು ನೋಡಿ ಸಹಿ ಹಾಕಿದವನು ನಾನೇ. ಮೂವತ್ತೊಂದು ವರ್ಷದಿಂದ ಕರಡು ತಿದ್ದುವವನು, ಬಣವೆ ಒಟ್ಟುವವನ ಮಗ, ಆ ಸಾಲಿನ ಮೇಲೆ ಪೆನ್ನು ಓಡಿಸಿಕೊಂಡು ಹೋಗಿದ್ದೆ.

ಮಾರನೆಯ ದಿನ ಹಟಕ್ಕೆ ಕೂತು ನಮ್ಮದೇ ಪತ್ರಿಕೆಯ ಎಲ್ಲ ಪುಟಗಳಲ್ಲಿ ‘ಒಟ್ಟು’ ಇರುವ ಕಡೆಯೆಲ್ಲ ಕೆಂಪು ಗೆರೆ ಎಳೆದೆ. ಒಟ್ಟು ಮತದಾರರು, ಒಟ್ಟು ವೆಚ್ಚ, ಒಟ್ಟು ರನ್, ಒಟ್ಟಾರೆ, ಒಟ್ಟಿನಲ್ಲಿ, ಒಟ್ಟಿಗೆ. ಪುಟ ಕೆಂಪಾಯಿತು. ಒಟ್ಟಿದ, ಒಟ್ಟುತ್ತಾರೆ, ಒಟ್ಟಬೇಕು ಎಂಬುದು ಒಂದೇ ಒಂದು ಸಿಗಲಿಲ್ಲ.

ನಮ್ಮೂರು ತುಮಕೂರು ಜಿಲ್ಲೆಯ ತುರುವೇಕೆರೆ ಸೀಮೆ. ರಾಗಿ, ತೆಂಗು, ಸ್ವಲ್ಪ ಹುರುಳಿ. ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿ ಕೊಯ್ದು, ಅರಿ ಹಾಕಿ ಒಣಗಿಸಿ, ಕಂತೆ ಕಟ್ಟಿ ಕಣದ ಬಳಿಗೆ ತರುತ್ತಿದ್ದರು. ಕೂಡಲೇ ಒಕ್ಕಣೆ ಇಲ್ಲ. ಮೊದಲು ಮೆದೆ ಒಟ್ಟಬೇಕು. ತೆನೆ ಸಮೇತ ಕಂತೆಗಳನ್ನು ಒಟ್ಟಿದ್ದು ಮೆದೆ. ಒಕ್ಕಣೆ ಆಗಿ ಕಾಳು ಬೇರೆಯಾದ ಮೇಲೆ ಬರೀ ಹುಲ್ಲನ್ನು ಒಟ್ಟಿದ್ದು ಬಣವೆ. ನಡುವೆ ಒಂದೆರಡು ತಿಂಗಳ ಅಂತರ. ಎರಡಕ್ಕೂ ಕ್ರಿಯಾಪದ ಒಂದೇ.

ಅಪ್ಪ ಮೇಲೆ ನಿಲ್ಲುತ್ತಿದ್ದರು. ಚಿಕ್ಕಪ್ಪ ಮತ್ತು ನಾವು ಹುಡುಗರು ಕೆಳಗಿನಿಂದ ಕಂತೆ ಎಸೆಯಬೇಕು. ಶುರುವಿಗೆ ನೆಲದ ಮೇಲೆ ಕಲ್ಲು, ಅದರ ಮೇಲೆ ಒಣಗಿದ ಜಾಲಿಕೊಂಬೆ. ನೆಲದ ತೇವ ಏರಬಾರದು, ಗೆದ್ದಲು ಹತ್ತಬಾರದು. ಆಮೇಲೆ ಕಂತೆಗಳ ಸುತ್ತು. ‘ತೆನೆ ಒಳಕ್ಕೆ, ಬುಡ ಆಚೆಗೆ ಕಣ್ಲಾ’ ಎಂದು ಅಪ್ಪ ನೂರು ಸಲ ಹೇಳುತ್ತಿದ್ದರು. ಬುಡ ಆಚೆಗಿದ್ದರೆ ಹಕ್ಕಿಗೆ ತೆನೆ ಸಿಗದು, ದನ ಬಾಯಿ ಹಾಕಿದರೂ ಬರೀ ಕಡ್ಡಿ. ಬುಡ ಒಂಚೂರು ಕೆಳಕ್ಕೆ ಬಾಗಿರಬೇಕು, ಮಳೆ ಬಿದ್ದರೆ ನೀರು ಹೊರಕ್ಕೆ ಹರಿಯಲಿ ಎಂದು. ಹಾಗೆ ಬಾಗಬೇಕಾದರೆ ನಡುವೆ ಸದಾ ಎತ್ತರ ಇರಬೇಕು. ಅದಕ್ಕೇ ಒಂದು ಸುತ್ತು ಹೊರಗೆ, ಒಂದಿಷ್ಟು ನಡುವೆ, ಮತ್ತೆ ಒಂದು ಸುತ್ತು. ಅಪ್ಪ ಅದರ ಮೇಲೇ ಗಾಣದ ಎತ್ತಿನ ಹಾಗೆ ಸುತ್ತುತ್ತ, ಪ್ರತಿ ಕಂತೆಯನ್ನೂ ಬಲಗಾಲಲ್ಲಿ ತುಳಿದು ಕೂರಿಸುತ್ತಿದ್ದರು. ಮಾತಾಡುತ್ತಿರಲಿಲ್ಲ. ಎಸೆಯುವುದು ತಡವಾದರೆ ಕೈ ಚಾಚಿ ನಿಲ್ಲುತ್ತಿದ್ದರು, ಅಷ್ಟೆ.

ಒಟ್ಟಿ ಮೂರ್ನಾಲ್ಕು ದಿನವಾದ ಮೇಲೆ ಒಂದು ಕೆಲಸ ಇತ್ತು. ಮೊಣಕೈವರೆಗೂ ತೋಳು ತೂರಿಸಿ ಕಾವು ನೋಡುವುದು. ಕಂತೆ ಹಸಿಯಿದ್ದು ಒಟ್ಟಿದ್ದರೆ ಒಳಗೆ ಬಿಸಿ ಏರುತ್ತದೆ, ಬೂಸಲು ಹಿಡಿಯುತ್ತದೆ. ಆಗ ಪೂರ್ತಿ ಬಿಚ್ಚಿ, ಹರವಿ, ಮತ್ತೆ ಒಟ್ಟಬೇಕು. ಆ ಶಿಕ್ಷೆ ಒಂದು ಸಲ ನಮಗೆ ಬಂದಿತ್ತು.

ಇನ್ನೊಂದು ಸಲ, ನಾನು ಎಂಟನೇ ತರಗತಿಯಲ್ಲಿದ್ದಾಗ, ಅಪ್ಪ ಸಂತೆಗೆ ಹೋದ ಹೊತ್ತು ನೋಡಿ ಅರ್ಧ ಬಣವೆಯನ್ನು ನಾನೇ ಒಟ್ಟಿದೆ. ಒಟ್ಟಿದೆ ಎಂದು ನಾನಂದುಕೊಂಡೆ. ಅಪ್ಪ ಬಂದು ನೋಡಿ, ‘ಇದು ಒಟ್ಟಿದ್ದಲ್ಲ, ಸುರಿದದ್ದು’ ಎಂದರು. ಬಿಚ್ಚಲು ಆಳಿರಲಿಲ್ಲ. ಪಡುವಣಕ್ಕೆ ವಾಲಿದ ಅದಕ್ಕೆ ಎರಡು ಗಳ ಆಸರೆ ಕೊಟ್ಟು ಆ ಬೇಸಿಗೆ ಕಳೆದೆವು. ಊರವರು ಅದನ್ನು ಕುಡುಕನ ಬಣವೆ ಎಂದು ಕರೆದರು. ಈಗಲೂ ನಮ್ಮೂರಲ್ಲಿ ಕೆಲವರಿಗೆ ನೆನಪಿದೆ.

ಅಪ್ಪ ಹೇಳಿದ ಆ ವ್ಯತ್ಯಾಸವೇ ಈ ಕ್ರಿಯಾಪದದ ಅರ್ಥ. ಗುಡ್ಡೆ ಹಾಕಲು ಕೈ ಸಾಕು. ಸುರಿಯಲು ಕೈಯೂ ಬೇಕಿಲ್ಲ, ಟಿಪ್ಪರ್ ಸಾಕು. ಒಟ್ಟಲು ಕ್ರಮ ಗೊತ್ತಿರಬೇಕು. ಒಂದು ಪದರದ ಮೇಲೆ ಇನ್ನೊಂದು ಹೇಗೆ ಕೂರುತ್ತದೆ, ಗಾಳಿ ಎಲ್ಲಿಂದ, ನೀರು ಎಲ್ಲಿಗೆ, ಆರು ತಿಂಗಳು ನಿಲ್ಲುತ್ತದೋ ಇಲ್ಲವೋ ಎಂಬುದೆಲ್ಲ ಒಟ್ಟುವವನ ತಲೆಯಲ್ಲಿರಬೇಕು. ಸೌದೆ ಒಟ್ಟುತ್ತಾರೆ. ಕಾಮನ ಹಬ್ಬಕ್ಕೆ ಹುಡುಗರು ಕದ್ದ ಕಟ್ಟಿಗೆ ಒಟ್ಟುತ್ತಾರೆ. ಸುಡುಗಾಡಿನಲ್ಲೂ ಒಟ್ಟುವುದೇ. ನಮ್ಮ ಡೆಸ್ಕಿನಲ್ಲಿ ವಿಜಯಪುರದ ಕಡೆಯವರೊಬ್ಬರಿದ್ದಾರೆ, ಅವರ ಕಡೆ ಕುಳ್ಳನ್ನೂ ಒಟ್ಟುತ್ತಾರಂತೆ, ಒಟ್ಟಿದ ಮೇಲೆ ಹೊರಗಿಂದ ಸಗಣಿ ಮೆತ್ತುತ್ತಾರಂತೆ. ಅವರಿಗೆ ಅದು ಬಣವೆಯಲ್ಲ, ಬಣವಿ. ಮಲೆನಾಡಿಗೆ ಹೋದರೆ ಗೊಣಬೆ, ಕುಂದಾಪುರದ ಕಡೆ ಕುತ್ರಿ. ಹೆಸರು ಊರಿಗೊಂದು. ನಮ್ಮ ಕಡೆ ತೆಂಗಿನಕಾಯಿಯನ್ನು ಮಾತ್ರ ಯಾರೂ ಒಟ್ಟುವುದಿಲ್ಲ. ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಇರುತ್ತದಲ್ಲ, ಅದು ಅಟ್ಟಕ್ಕೆ ‘ಹಾಕಿದ್ದು’. ಉರುಳುವುದನ್ನು ಒಟ್ಟಲು ಬರುವುದಿಲ್ಲ ಎನ್ನುವುದು ಭಾಷೆಗೂ ಗೊತ್ತು.

ಬಣವೆಯಿಂದ ಹುಲ್ಲು ತೆಗೆಯುವುದಕ್ಕೂ ಬೇರೆಯೇ ಮಾತಿದೆ, ಹಿರಿಯುವುದು. ‘ಹೋಗಿ ಎರಡು ಹಿಡಿ ಹುಲ್ಲು ಹಿರ್ಕೊಂಡು ಬಾ’ ಎಂದರೆ ಮೇಲಿಂದ ಎತ್ತಬಾರದು, ಪಕ್ಕದಿಂದ ಎಳೆಯಬೇಕು. ಮೇಲಿಂದ ಎತ್ತಿದರೆ ನೆತ್ತಿ ಬಿಚ್ಚಿ ಮಳೆ ನೀರು ಒಳಗಿಳಿಯುತ್ತದೆ. ಒರೆಯಿಂದ ಕತ್ತಿ ತೆಗೆಯುವುದಕ್ಕೂ ಇದೇ ಹಿರಿ. ಪದ್ಯದಲ್ಲಿ ಕತ್ತಿ ಹಿರಿದವರನ್ನು ಮೇಷ್ಟರು ವಿವರಿಸುವಾಗ ನಮಗೆ ನಿಘಂಟು ಬೇಕಾಗಲಿಲ್ಲ, ಬೆಳಗ್ಗೆ ತಾನೇ ಹುಲ್ಲು ಹಿರಿದು ಬಂದಿರುತ್ತಿದ್ದೆವು.

ಸರಿ, ಟೋಟಲ್ ಎಂಬ ಅರ್ಥ ಎಲ್ಲಿಂದ ಬಂತು? ಕಣದಿಂದಲೇ. ಒಟ್ಟಿದ್ದು ಒಟ್ಟು. ಮೊತ್ತ ಎಂಬುದೂ ಹಳಗನ್ನಡದಲ್ಲಿ ಗುಂಪು, ರಾಶಿ. ಲೆಕ್ಕದ ಪುಸ್ತಕದಲ್ಲಿ ಕೊನೆಗೆ ಗೆರೆ ಎಳೆದು ಬರೆಯುವ ಪದಗಳೆಲ್ಲ ಹೀಗೆ ಯಾರೋ ಬೆವರಿ ಕೂಡಿಹಾಕಿದ ರಾಶಿಗಳೇ. ಕಿಟೆಲ್ ಅವರ 1894ರ ನಿಘಂಟು ತೆಗೆದರೆ ಒಟ್ಟು ಎರಡೂ ರೂಪದಲ್ಲಿದೆ, ಕ್ರಿಯೆಯಾಗಿಯೂ ನಾಮಪದವಾಗಿಯೂ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಹಾಗೆಯೇ. ನಿಘಂಟು ಕೈಬಿಟ್ಟಿಲ್ಲ. ಕೈಬಿಟ್ಟವರು ನಾವು, ಪತ್ರಿಕೆಯವರು. ನಾಮಪದವನ್ನು ಉಳಿಸಿಕೊಂಡು ಕ್ರಿಯೆಯನ್ನು ಹೊಲದಲ್ಲೇ ಬಿಟ್ಟು ಬಂದೆವು.

ಬಿಟ್ಟ ಜಾಗಕ್ಕೆ ಏನು ತಂದೆವು? ‘ಮಾಡು’. ಮೇವು ಸಂಗ್ರಹಣೆ ಮಾಡಲಾಗಿದೆ. ಮೂಟೆಗಳನ್ನು ದಾಸ್ತಾನು ಮಾಡಲಾಗಿದೆ. ಸೌದೆ ಶೇಖರಣೆ ಮಾಡಲಾಗಿತ್ತು. ಎಲ್ಲವೂ ಒಂದೇ ಅಚ್ಚು, ಮಾಡಿದವರು ಮಾತ್ರ ಎಲ್ಲೂ ಇಲ್ಲ. ಮಂಡಿಯಲ್ಲಿ ಹಮಾಲಿಗಳು ‘ನಿಟ್ಟು ಹಾಕು’ ಎನ್ನುತ್ತಾರೆ. ಮೂಟೆ ಒಂದರ ಮೇಲೊಂದು, ಬಾಯಿ ಒಳಕ್ಕೆ, ಮೂಲೆಯಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು, ಗೋಡೆಯಿಂದ ಒಂದು ಗೇಣು ದೂರ. ಆ ಕೆಲಸ ಪತ್ರಿಕೆಗೆ ಬರುವಷ್ಟರಲ್ಲಿ ‘ದಾಸ್ತಾನು’ ಆಗಿರುತ್ತದೆ. ಅಡುಗೆ ವಿಡಿಯೊಗಳಲ್ಲಿ ‘ಈಗ ಲೇಯರ್ ಮಾಡ್ಕೊಳ್ಳಿ’ ಬಂದಿದೆ. ಚಿರೋಟಿಗೆ ನನ್ನ ಅತ್ತೆ ಒಂದು ಹಾಳೆ ಹಾಸಿ, ಸಾಟಿ ಸವರಿ, ಇನ್ನೊಂದು ಹಾಸಿ, ಮತ್ತೆ ಸವರಿ, ಸುರುಳಿ ಸುತ್ತಿ ಕೊಯ್ಯುತ್ತಿದ್ದರು. ಒಂದೇ ಮಾತಿನಲ್ಲಿ ಮುಗಿಸುವ ಪದ ಅವರಿಗೂ ಇರಲಿಲ್ಲ. ಬೇಕಾಗಿರಲೂ ಇಲ್ಲ. ಹಾಸು, ಸವರು, ಸುತ್ತು, ಕೊಯ್ಯಿ ಎಂದರೆ ಕೇಳಿದವಳು ಚಿರೋಟಿ ಮಾಡಬಲ್ಲಳು. ಲೇಯರ್ ಮಾಡಿ ಎಂದರೆ ಏನು ಮಾಡುತ್ತಾಳೆ, ವಿಡಿಯೊ ನೋಡುತ್ತಾಳೆ.

ನನ್ನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಕೆಲಸ ಏನಮ್ಮ ಎಂದರೆ ‘ಫುಲ್ ಸ್ಟ್ಯಾಕ್’ ಅನ್ನುತ್ತಾಳೆ. ‘ಪೂರ್ತಿ ಒಟ್ಟುವವಳಾ?’ ಎಂದು ಕೇಳಿದೆ. ನಕ್ಕಳು. ಆಮೇಲೆ ಬರೀ ‘ಸ್ಟ್ಯಾಕ್’ ಎಂದರೆ ಏನೆಂದು ಊಟದ ತಟ್ಟೆಗಳನ್ನು ತೋರಿಸಿ ವಿವರಿಸಿದಳು: ಮೊದಲು ಇಟ್ಟದ್ದು ತಳದಲ್ಲಿ, ಕೊನೆಗೆ ಇಟ್ಟದ್ದು ಮೇಲೆ, ತೆಗೆಯುವಾಗ ಕೊನೆಯದೇ ಮೊದಲು ಬರುತ್ತದೆ. ಹಾಗಾದರೆ ಅದು ಒಟ್ಟುವುದಲ್ಲಮ್ಮ, ಪೇರಿಸುವುದು ಎಂದೆ. ಬಣವೆಯಲ್ಲಿ ಪಕ್ಕದಿಂದ ಹಿರಿಯಬಹುದು, ತಟ್ಟೆಯಲ್ಲಿ ಆಗದು. ‘ಅಪ್ಪಾ, ಇದನ್ನ ಇಂಟರ್‌ವ್ಯೂನಲ್ಲಿ ಕೇಳ್ತಾರೆ’ ಎಂದಳು.

ಪೇರಿಸುವುದು ಬಿಡಿಬಿಡಿಯಾಗಿ ಎಣಿಸಬಹುದಾದ್ದನ್ನು. ತಟ್ಟೆ, ಹೆಂಚು, ಪುಸ್ತಕ. ಬೆಟ್ಟದ ದೇವಸ್ಥಾನದ ದಾರಿಯಲ್ಲಿ ಸ್ವಂತ ಮನೆ ಆಗಲಿ ಎಂದು ಹರಸಿಕೊಂಡು ಭಕ್ತರು ಮೂರು ನಾಲ್ಕು ಕಲ್ಲು ನಿಲ್ಲಿಸಿರುತ್ತಾರಲ್ಲ, ಅದು ಪೇರಿಸಿದ್ದು. ಜೋಡಿಸುವುದು ಬೇರೆ, ಅದರ ಹೊಟ್ಟೆಯಲ್ಲೇ ಜೋಡಿ ಇದೆ. ಪಕ್ಕಪಕ್ಕಕ್ಕೆ ಹೊಂದಿಸುವುದು ಅದು. ನಾನು ಕೆಲಸಕ್ಕೆ ಸೇರಿದಾಗ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಇನ್ನೂ ಇದ್ದರು. ಅವರು ಕೇಳಿಸಿಕೊಳ್ಳುವ ಹಾಗೆ ಮೊಳೆ ಪೇರಿಸಿದರು ಎಂದಿದ್ದರೆ ಮಂಡೆಗೆ ಕುಟ್ಟುತ್ತಿದ್ದರು. ‘ಒಟ್ಟು’ ಎಂದು ಜೋಡಿಸುವಾಗ ಟಕಾರದ ಕೆಳಗೆ ಟಕಾರದ ಒತ್ತು ಬರಬೇಕು. ಆ ಒತ್ತಿನ ಮೊಳೆ ಸವೆದು ತಕಾರದ ಒತ್ತಿನ ಹಾಗೆ ಮೂಡಿ, ‘ಒತ್ತು’ ಎಂದು ಓದಿಸಿಕೊಂಡದ್ದು ಎಷ್ಟು ಸಲವೋ. ಈಗ ಮೊಳೆ ಇಲ್ಲ, ಕಂಪ್ಯೂಟರಿನಲ್ಲಿ ಅಕ್ಷರ ಸವೆಯುವುದಿಲ್ಲ. ಪದವೇ ಸವೆದಿದೆ.

ಈ ವ್ಯತ್ಯಾಸಗಳು ಪಂಡಿತರ ಜಗಳ ಎನ್ನುವವರಿಗೆ ತುಂಗಭದ್ರಾ ಅಣೆಕಟ್ಟೆಯನ್ನು ನೆನಪಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಆ ವಾರವೆಲ್ಲ ನಾವು ಬರೆದದ್ದು ‘ಸ್ಟಾಪ್‌ಲಾಗ್ ಅಳವಡಿಕೆ ಯಶಸ್ವಿ’. ಅಳವಡಿಸುವುದು ಎಂದರೆ ಫ್ಯಾನು, ಸಿಸಿಟಿವಿ ಕ್ಯಾಮೆರಾ ಎಲ್ಲವೂ. ಮೊದಲ ತುಂಡು ಕೂತ ಮೇಲೆ ಉಳಿದವು ಏಕೆ ಬೇಗ ಕೂತವು, ಒಂದೊಂದು ಕೂತಂತೆ ಹರಿವು ಹೇಗೆ ಇಳಿಯಿತು ಎಂಬುದು ಆ ಪದದಲ್ಲಿ ಕಾಣುವುದಿಲ್ಲ. ‘ಐದು ತುಂಡು ಪೇರಿಸಿ ನೀರು ತಡೆದರು’ ಎಂದಿದ್ದರೆ ತಟ್ಟೆ ಎತ್ತಿಟ್ಟ ಪ್ರತಿಯೊಬ್ಬರಿಗೂ ಅರ್ಥವಾಗುತ್ತಿತ್ತು. ಆ ವಾರ ನಾನೂ ‘ಅಳವಡಿಕೆ’ಗೇ ಟಿಕ್ ಹಾಕಿದೆ.

ಇನ್ನೊಂದಿದೆ, ಹೇರು. ಹಳಗನ್ನಡದ ಪೇರು, ಪಾಲು ಹಾಲಾದ ಹಾಗೆ ಇದು ಹೇರಾಯಿತು. ಇದಕ್ಕೆ ಪತ್ರಿಕೆಯಲ್ಲಿ ಬರವಿಲ್ಲ. ತೆರಿಗೆ ಹೇರಿಕೆ, ನಿರ್ಬಂಧ ಹೇರಿಕೆ, ಹಿಂದಿ ಹೇರಿಕೆ. ಈ ಒಂದು ಪದವನ್ನು ನಾವು ಸರಿಯಾಗಿ ಬಳಸುತ್ತಿದ್ದೇವೆ ಅನ್ನಿಸುತ್ತದೆ, ಯಾಕೆಂದರೆ ಹೇರುವುದು ಗಾಡಿಯ ಮೇಲೆ, ಕತ್ತೆಯ ಮೇಲೆ, ಎತ್ತಿನ ಮೇಲೆ. ಕೆಳಗೆ ಹೊರುವವನೊಬ್ಬ ಇದ್ದೇ ಇರುತ್ತಾನೆ. ಹಿಂದಿ ಹೇರಿಕೆ ಎಂದಾಗ ಆ ಹೊರುವವನು ಕಣ್ಣಿಗೆ ಬರುತ್ತಾನೆ, ಬೆನ್ನು ಬಾಗಿರುವುದೂ ಕಾಣುತ್ತದೆ. ‘ಹಿಂದಿಯ ಅನುಷ್ಠಾನ’ ಎಂದು ಬರೆದು ನೋಡಿ, ಬೆನ್ನೇ ಇಲ್ಲ. ಸರಕಾರಿ ಪತ್ರಗಳಿಗೆ ಅನುಷ್ಠಾನ ಎಂದರೆ ಅಷ್ಟು ಪ್ರೀತಿ ಏಕೆ ಎಂದು ಇದರಿಂದ ತಿಳಿಯಿತು. ಹೊರೆ ಹೊತ್ತವರ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಮಗೆ ಕೆಲಸ ಮಾಡಿದವರ ವಿಷಯದಲ್ಲಿ ಯಾಕಿಲ್ಲ? ನನ್ನ ತಕರಾರು ಇಷ್ಟೇ.

ಡೆಸ್ಕಿನಲ್ಲಿ ಇದನ್ನು ಹೇಳಿದಾಗ ಒಬ್ಬರು, ‘ಬಣವೆಯೇ ಹೋಗ್ತಿದೆ ಸಾರ್, ಪದ ಇಟ್ಕೊಂಡು ಏನ್ಮಾಡ್ತೀರಿ?’ ಎಂದರು. ಕೇಳುವಂಥ ಮಾತೇ. ಒಕ್ಕಣೆಯ ರೋಣಗಲ್ಲು ಈಗ ಅಂಗಳದಲ್ಲಿ ಕೂರುವ ಕಲ್ಲಾಗಿದೆ. ನಮ್ಮೂರಲ್ಲಿ ರಾಗಿಯನ್ನು ಯಂತ್ರವೇ ಕೊಯ್ದು ಒಕ್ಕುತ್ತದೆ, ಮೆದೆಯ ಮಾತೇ ಇಲ್ಲ. ಮೆದೆ ಎಂಬ ಪದ ಹೋದರೆ ನಾನು ಅಳುವುದಿಲ್ಲ, ವಸ್ತು ಹೋದ ಮೇಲೆ ಹೆಸರು ಎಷ್ಟು ದಿನ ಉಳಿದೀತು. ಆದರೆ ಕ್ರಿಯಾಪದ ವಸ್ತುವಿಗೆ ಕಟ್ಟುಬಿದ್ದದ್ದಲ್ಲ. ಜಗತ್ತಿನಲ್ಲಿ ಇನ್ನೂ ಇಟ್ಟಿಗೆ ಇದೆ, ಮರಳುಮೂಟೆ ಇದೆ, ಬಂದರಿನಲ್ಲಿ ಕಂಟೇನರ್ ಇದೆ. ಒಂದರ ಮೇಲೊಂದು ಬೀಳದಂತೆ ಇಡುವ ಕೆಲಸ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಪದ ಟಂಕಿಸಬೇಡಿ, ಸಮಿತಿ ಬೇಡ. ಜಿಲ್ಲೆ ತಾಲ್ಲೂಕುಗಳ ವರದಿಗಾರರು ಕಳಿಸುವ ಸುದ್ದಿಯಲ್ಲಿ ನಮಗೆ ಗೊತ್ತಿಲ್ಲದ ಕ್ರಿಯಾಪದ ಕಂಡರೆ ಅದನ್ನು ತಿದ್ದುವ ಮೊದಲು ಒಂದು ಫೋನ್ ಮಾಡೋಣ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಡೆಸ್ಕಿನ ಬೋರ್ಡಿಗೆ ಅಂಟಿಸಿದ್ದೇನೆ. ಆ ಹುಡುಗಿ ಅದರ ಕೆಳಗೆ ತನ್ನದೊಂದು ಪಟ್ಟಿ ಶುರುಮಾಡಿದ್ದಾಳೆ: ಹಿರಿ, ಒಕ್ಕು, ಕೇರು, ಹಸನು ಮಾಡು. ಕೊನೆಯದರಲ್ಲಿ ‘ಮಾಡು’ ಇದೆಯಲ್ಲ ಎಂದು ಚುಡಾಯಿಸಿದೆ. ಅದಕ್ಕೆ ಅವಳು, ‘ಅದನ್ನ ನಮ್ಮಜ್ಜಿ ಹೇಳಿದ್ದು ಸರ್, ತೆಗೆಯಲ್ಲ’ ಎಂದಳು.

ಮೊನ್ನೆ ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಈಗ ಹುಲ್ಲನ್ನೂ ಯಂತ್ರವೇ ಸುತ್ತಿ ಉರುಳೆ ಮಾಡಿ ಬಿಸಾಕುತ್ತದೆ. ಅವನು ಅವನ್ನು ರೋಲು ಎನ್ನುತ್ತಾನೆ. ‘ಅಣ್ಣಾ, ರೋಲೆಲ್ಲ ಹೊಲದಲ್ಲೇ ಬಿದ್ದವೆ, ಮೋಡ ಬೇರೆ ಆಗದೆ. ಒಟ್ಟೋಕೆ ಜನ ಇಲ್ಲ. ಭಾನುವಾರ ಬರ್ತೀಯಾ?’ ಉರುಳುವುದನ್ನು ಒಟ್ಟುವುದು ಹೇಗೋ ಎಂದೆ. ‘ಎರಡೂ ಕಡೆ ಕಲ್ಲು ಕೊಟ್ಟು ಅಡ್ಡ ಮಲಗಿಸ್ತೀವಿ, ಮೇಲಿನ ಸಾಲು ಸಂದೀಲಿ ಕೂರ್ತದೆ’ ಎಂದ. ಅಪ್ಪ ಇದ್ದಿದ್ದರೆ ಅರ್ಧ ದಿನ ವಾದ ಮಾಡುತ್ತಿದ್ದರು.

ಬರುತ್ತೇನೆ ಎಂದಿದ್ದೇನೆ. ಮೇಲೆ ಅವನೇ ನಿಲ್ಲುತ್ತಾನೆ. ಕುಡುಕನ ಬಣವೆಯ ಕಥೆ ಅವನಿಗೂ ಗೊತ್ತು.